ಎಡಗಾಲಿನ ಲೇಸು ಕಟ್ಟಿದ ಅಪರಾಧಕ್ಕೆ

ಅಂಗವೈಕಲ್ಯ ಮಾಸಾಶನ ವಿಭಾಗದ ತಪಾಸಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಮೊಹರಿಗೂ, ತಮ್ಮ ಕಚೇರಿಯ ಕೆಟ್ಟು ನಿಂತ ಲಿಫ್ಟಿಗೂ, ಅದರ ಬಾಗಿಲಿಗೆ ‘ನಾಳೆ ಸರಿಹೋಗುತ್ತದೆ’ ಎಂದು ಯಾವ ಕಾಲದಲ್ಲೋ ಅಂಟಿಸಿದ, ಈಗ ಅಕ್ಷರ ಮಾಸಿರುವ ಚೀಟಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ನನ್ನ ಅರ್ಜಿಯನ್ನು ತಿರಸ್ಕರಿಸಿ ತಾವು ಕಳುಹಿಸಿದ ಆದೇಶ ತಲುಪಿತು. ಅದರ ಪ್ರಕಾರ ನಾನು ಗಟ್ಟಿಮುಟ್ಟಾಗಿದ್ದೇನೆ. ಇಷ್ಟು ವರ್ಷ ಸ್ಕ್ಯಾನಿಂಗ್ ಮಾಡಿ, ಸೂಜಿ ಚುಚ್ಚಿ, ತಲೆಯಾಡಿಸಿ ಕಳುಹಿಸಿದ ಯಾವ ಡಾಕ್ಟರಿಗೂ ಹೊಳೆಯದ ಈ ಸಂಗತಿಯನ್ನು ತಾವು ನನ್ನನ್ನು ಮುಟ್ಟದೆಯೇ ಕಂಡುಹಿಡಿದಿದ್ದೀರಿ. ಈ ಸಿಹಿಸುದ್ದಿಯನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಯೇ ಓದಿಕೊಂಡೆ.

ತಮಗೆ ನನ್ನ ಮುಖ ನೆನಪಿರಲಾರದು. ನೆತ್ತಿ ನೆನಪಿರಬಹುದು, ಏಕೆಂದರೆ ತಪಾಸಣೆಯ ದಿನ ಹೆಚ್ಚು ಹೊತ್ತು ತಮಗೆ ಕಂಡದ್ದು ಅದೇ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಶೂ ತೊಡಿಸುವುದು ನನ್ನ ಕೆಲಸ. ಮೊಣಕಾಲೆತ್ತರಕ್ಕೂ ಬಾರದ ಸ್ಟೂಲಿನ ಮೇಲೆ ಕುಳಿತು, ಬಗ್ಗಿ, ತೊಡಿಸಿ, ಲೇಸು ಕಟ್ಟಿ, ಎದ್ದು, ಅಟ್ಟದಿಂದ ಇನ್ನೊಂದು ಡಬ್ಬಿ ಇಳಿಸಿ, ಮತ್ತೆ ಬಗ್ಗುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಿರುವಾಗ ಒಂದು ದಿನ ಸೊಂಟದಲ್ಲಿ ಏನೋ ಜಾರಿತು. ಅಂದು ಅಲ್ಲಿಂದ ಹೊರಟ ನೋವು ಎಡಗಾಲಿನ ಹೆಬ್ಬೆರಳಿನವರೆಗೆ ಇಳಿದು, ಅಲ್ಲಿಯೇ ಬಿಡಾರ ಹೂಡಿದೆ. ಬೆಳಿಗ್ಗೆ ನನ್ನ ಯಜಮಾನರು ಶಾಲೆಯ ವ್ಯಾನು ಓಡಿಸಲು ಹೊರಡುವ ಮೊದಲು ನನ್ನನ್ನು ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ, ಗೋಡೆಗೆ ಆನಿಸಿ ಹೋಗುತ್ತಾರೆ. ಗೋಡೆಯಿಂದ ಬಚ್ಚಲಿನವರೆಗಿನ ಪ್ರಯಾಣ ನನ್ನ ಸ್ವಂತ ಜವಾಬ್ದಾರಿ.

ನಮ್ಮ ಮಾಲೀಕರು ಕೆಟ್ಟವರಲ್ಲ. ಮಾಸಾಶನ ಮಂಜೂರಾಗುವವರೆಗೆ ಮನೆಯವರು ಯಾರಾದರೂ ಬಂದು ಆ ಸ್ಟೂಲಿನ ಮೇಲೆ ಕುಳಿತರೆ ಸಂಬಳ ನಿಲ್ಲಿಸುವುದಿಲ್ಲ ಎಂದರು. ಹಾಗಾಗಿ ನರ್ಸಿಂಗ್ ಕಾಲೇಜಿಗೆ ಸೇರಬೇಕಿದ್ದ ನನ್ನ ಮಗಳು, ಕೆಲವೇ ದಿನಗಳ ಮಾತಲ್ಲವೇ ಎಂದು ಅಲ್ಲಿ ಹೋಗಿ ಕುಳಿತಿದ್ದಾಳೆ. ಕಾಲೇಜಿನವರು ಈ ತಿಂಗಳ ಕೊನೆಯವರೆಗೆ ಅವಳ ಸೀಟು ಕಾಯ್ದಿರಿಸಿದ್ದಾರೆ. ತಮ್ಮ ಒಂದು ಸಹಿಯಿಂದ ಅವಳು ಆ ಸ್ಟೂಲಿನಿಂದ ಏಳಬಹುದಿತ್ತು ಎಂಬುದಷ್ಟೇ ಈ ಪತ್ರದ ವಿಷಯ. ಉಳಿದದ್ದೆಲ್ಲ ತಮ್ಮ ಗುಣಗಾನ.

ತಪಾಸಣೆಗೆ ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಟೈಲರಕ್ಕ ಬಂದು ನನಗೆ ಸಾಕಷ್ಟು ಬುದ್ಧಿ ಹೇಳಿದ್ದರು. ತಲೆ ಬಾಚಬಾರದು, ಇಸ್ತ್ರಿಯ ಬಟ್ಟೆ ಬೇಡ, ಬಾಗಿಲಲ್ಲೇ ಒಮ್ಮೆ ನರಳಬೇಕು, ಯಾರಾದರೂ ಮಾತಾಡಿಸಿದರೆ ತಕ್ಷಣ ಉತ್ತರ ಕೊಡಬಾರದು. ಅವರ ಮಾತು ಕೇಳಲಿಲ್ಲ, ನನ್ನ ತಪ್ಪೇ. ಗಿರಾಕಿ ನಮ್ಮ ಶೂ ನೋಡುವ ಮೊದಲು ಮುಖ ನೋಡುತ್ತಾನೆ ಎಂದು ಮಾಲೀಕರು ಹೇಳಿ ಹೇಳಿ, ಎಂಥ ನೋವಿದ್ದರೂ ಹಲ್ಲು ಕಿರಿಯುವುದು ನನಗೆ ಅಭ್ಯಾಸವಾಗಿಹೋಗಿದೆ. ಆದ್ದರಿಂದ ತಲೆ ಬಾಚಿ, ಇಸ್ತ್ರಿ ಮಾಡಿದ್ದನ್ನೇ ತೊಟ್ಟು, ಎರಡನೆಯ ಮಹಡಿಯವರೆಗೆ ಮೆಟ್ಟಿಲಿಗೊಮ್ಮೆ ನಿಂತು ಹತ್ತಿ, ತಮ್ಮೆದುರು ನಗುನಗುತ್ತ ನಿಂತೆ. ತಾವು ಕಡತದಿಂದ ತಲೆಯೆತ್ತದೆ “ಹೇಗಿದ್ದೀರಿ?” ಎಂದಿರಿ. ನಾನು “ಚೆನ್ನಾಗಿದೀನಿ ಸಾರ್” ಎಂದೆ. ಹಾಗೆ ಕೇಳಿದವರಿಗೆಲ್ಲ ಹಾಗೆ ಹೇಳುವುದು ನಮ್ಮ ಮನೆಯಲ್ಲಿ ಕಲಿಸಿದ ಮರ್ಯಾದೆ. ತಾವು ಅದನ್ನು ಬರೆದುಕೊಂಡಿರಿ ಎಂಬುದು ಈಗ ಆದೇಶದಲ್ಲಿ ‘ಅರ್ಜಿದಾರರ ಸ್ವಂತ ಹೇಳಿಕೆಯಂತೆ’ ಎಂಬ ಸಾಲು ಓದಿದ ಮೇಲೆ ತಿಳಿಯಿತು.

ಇನ್ನು ನನ್ನ ಮುಖ್ಯ ಅಪರಾಧಕ್ಕೆ ಬರುತ್ತೇನೆ. ನೋವಿಗೆ ಪುರಾವೆ ಎಲ್ಲಿದೆ ಎಂದು ತಾವು ಕೇಳಿದಿರಿ, ನಾನು ಬಾಯಿ ತೆರೆಯುವಷ್ಟರಲ್ಲಿ ತಮಗೆ ಫೋನು ಬಂತು. ತಾವು ಎದ್ದಿರಿ, ಮೇಜು ಸುತ್ತಿ ಈಚೆ ಬಂದಿರಿ, ಆಗ ತಮ್ಮ ಎಡಗಾಲಿನ ಲೇಸು ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿತ್ತು. ಮಾನ್ಯರೇ, ಬಿಚ್ಚಿದ ಲೇಸು ಕಂಡರೆ ನಾನು ಯೋಚಿಸುವುದಿಲ್ಲ. ನನ್ನ ಕೈ ನನ್ನನ್ನು ಕೇಳುವುದಿಲ್ಲ. ಬಗ್ಗಿದೆ. ಕಟ್ಟಿದೆ. ತಾವು ಮಾತು ನಿಲ್ಲಿಸದೆ ಕಾಲನ್ನು ಸ್ವಲ್ಪ ಮುಂದೆ ಚಾಚಿ ಸಹಕರಿಸಿದ್ದನ್ನೂ ಕೃತಜ್ಞತೆಯಿಂದ ನೆನೆಯುತ್ತೇನೆ. ಆಮೇಲೆ ತಾವು ಕಿಟಕಿಯ ಬಳಿಗೆ ಹೋದಿರಿ, ನಾನು ಅಲ್ಲಿಯೇ ಉಳಿದೆ.

ಉಳಿದೆ ಎಂದರೆ ಏಳಲಾಗಲಿಲ್ಲ. ಸೊಂಟದಲ್ಲಿ ಬೆಂಕಿ ಹೊತ್ತಿತು, ಕಾಲು ನನ್ನದಲ್ಲ ಅನ್ನಿಸಿತು, ತಮ್ಮ ಮೇಜಿನ ಕಾಲನ್ನು ತಬ್ಬಿಕೊಂಡು ಕುಕ್ಕರಗಾಲಿನಲ್ಲೇ ಕುಳಿತಿದ್ದೆ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು. ಅದನ್ನು ಅಂಗಡಿಯಲ್ಲಿ ಅಷ್ಟು ಭದ್ರವಾಗಿ ಹೊಲಿದಿದ್ದಾರೆ. ತಮ್ಮ ಗುಮಾಸ್ತೆ ಒಳ್ಳೆಯ ಹೆಂಗಸು. ನನ್ನ ಕಿವಿಯೋಲೆ ಏನೋ ಬಿದ್ದಿರಬೇಕೆಂದು ಬಗೆದು, ಮೊಬೈಲಿನ ಟಾರ್ಚು ಬಿಟ್ಟು, ಮೇಜಿನ ಕೆಳಗೆಲ್ಲ ನನ್ನೊಡನೆ ಹುಡುಕಿದರು. ಏನೂ ಸಿಗದಿದ್ದಾಗ ನನ್ನ ಭುಜ ಹಿಡಿದು ಎಬ್ಬಿಸಿ ಸಮಾಧಾನ ಹೇಳಿದರು. ಅಷ್ಟು ಹೊತ್ತೂ ತಾವು ಕಿಟಕಿಯ ಬಳಿ ಯಾರಿಗೋ, “ಈ ಹಳೇ ಕುರ್ಚಿಲಿ ಒಂದು ಗಂಟೆ ಕೂತ್ರೆ ಬೆನ್ನು ಹಿಡ್ಕೊಳ್ಳುತ್ತೆ ರೀ, ಬೇಗ ಬೇರೆ ಕಳ್ಸಿ” ಎಂದು ಹೇಳುತ್ತಿದ್ದಿರಿ. ತಮ್ಮ ಬೆನ್ನಿನ ಬಗ್ಗೆ ಆ ಕಡೆಯವರು ಯಾವ ಪ್ರಮಾಣಪತ್ರವನ್ನೂ ಕೇಳಿದಂತೆ ತೋರಲಿಲ್ಲ. ಹೊಸ ಕುರ್ಚಿ ಬಂದಿರಬಹುದೆಂದು ನಂಬಿದ್ದೇನೆ, ಅದು ತಮಗೆ ಹಿತವಾಗಿರಲಿ.

ಆದೇಶದ ಕೊನೆಯ ಸಾಲನ್ನು ಮನೆಯವರಿಗೆಲ್ಲ ಓದಿ ಹೇಳಿದ್ದೇನೆ: ‘ಅರ್ಜಿದಾರರು ಸ್ವಇಚ್ಛೆಯಿಂದ, ಸರಾಗವಾಗಿ ಬಗ್ಗಿದ್ದಲ್ಲದೆ, ದೀರ್ಘಕಾಲ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ ಸಾಮರ್ಥ್ಯವನ್ನು ಪ್ರದರ್ಶಿಸಿದರು.’ ನನ್ನ ಯಜಮಾನರು ಎದ್ದು ಹೊರಗೆ ಹೋದರು. ನಾನು ಮಾತ್ರ ಬೆರಗಾದೆ. ಬಾವಿಗೆ ಬಿದ್ದವನನ್ನು ಕಂಡು ಇವನು ಚೆನ್ನಾಗಿ ಇಳಿಯುತ್ತಾನೆ ಎಂದು ಬರೆಯಲು ಎಂಥ ಕಣ್ಣು ಬೇಕು!

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ನೋವಿಗೆ ತಾವು ಒಂದು ಬಣ್ಣ ನಿಗದಿಪಡಿಸಿ, ಹಸಿರಾದರೂ ಸರಿ, ನಾನು ಆ ಬಣ್ಣಕ್ಕೆ ತಿರುಗಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇನೆ. ಇಲ್ಲವೇ ನೋವಿಗೇ ನೇರವಾಗಿ ನೋಟಿಸು ಕಳುಹಿಸಿ, ಕಚೇರಿಯ ವೇಳೆಯಲ್ಲಿ, ಊಟದ ವಿರಾಮ ಬಿಟ್ಟು, ತಮ್ಮೆದುರು ಹಾಜರಾಗುವಂತೆ ಆಜ್ಞೆ ಮಾಡಿ. ನನ್ನ ಮಾತಂತೂ ಅದು ಕೇಳುವುದಿಲ್ಲ, ಸರ್ಕಾರದ ಮೊಹರು ಕಂಡರೆ ಹೆದರೀತು. ಅದೂ ಆಗದಿದ್ದರೆ ತಮ್ಮ ಆದೇಶದ ಒಂದು ಪ್ರತಿಯನ್ನು ನನ್ನ ಸೊಂಟದ ಹೆಸರಿಗೆ ಕಳುಹಿಸಿಕೊಡಿ. ಅದಕ್ಕೆ ಇನ್ನೂ ವಿಷಯ ಗೊತ್ತಾಗಿಲ್ಲ.

ಇಷ್ಟರಲ್ಲಿ ಮುಗಿಸುತ್ತಿದ್ದೆ. ಆದರೆ ಮೊನ್ನೆ ಸಂಜೆ ಮಗಳು ಅಂಗಡಿಯಿಂದ ಬಂದವಳು ಹೊಸ್ತಿಲ ಬಳಿ ಒಂದು ಕ್ಷಣ ನಿಂತಳು. ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಆಮೇಲೆ ಒಳಗೆ ಬಂದಳು. ಏನಾಯಿತೇ ಎಂದು ಕೇಳಿದೆ. ಅವಳು ನಕ್ಕು, “ಏನಿಲ್ಲಮ್ಮ, ಚೆನ್ನಾಗಿದೀನಿ” ಎಂದಳು. ಆ ನಗು ನನಗೆ ಗೊತ್ತು ಮಾನ್ಯರೇ, ಅದು ನನ್ನದೇ. ಮೊದಲ ಬಾರಿಗೆ ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂತು. ತಿಂಗಳು ಮುಗಿಯುತ್ತ ಬಂದಿದೆ, ಅರ್ಜಿಯನ್ನು ಇನ್ನೊಮ್ಮೆ ನೋಡಿ. ಮರುತಪಾಸಣೆಗೆ ಕರೆದರೆ ಬರುತ್ತೇನೆ, ಈ ಸಲ ತಲೆ ಬಾಚದೆ ಬರುತ್ತೇನೆ, ಹೇಗಿದ್ದೀರಿ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಮ್ಮ ಮನೆಯ ಮರ್ಯಾದೆ ಈ ಒಂದು ಸಲ ಕೆಟ್ಟರೆ ಕೆಡಲಿ.

ತಮ್ಮ ವಿಶ್ವಾಸಿ,
ದೀರ್ಘಕಾಲ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬಲ್ಲ ಅರ್ಜಿದಾರಳು

ತಾ.ಕ.: ಅಂದು ತಮ್ಮ ಬಲಗಾಲಿನ ಲೇಸೂ ಬಿಚ್ಚಿತ್ತು. ಕಂಡಿದ್ದೆ. ಬಿಚ್ಚಿದ ಲೇಸು ಕಂಡೂ ಕಟ್ಟದೆ ಬಂದದ್ದು ಇಷ್ಟು ವರ್ಷದ ನನ್ನ ಕೆಲಸದಲ್ಲಿ ಅದೊಂದೇ ಸಲ. ಮತ್ತೆ ಬಗ್ಗಲು ನನ್ನಿಂದ ಆಗಲಿಲ್ಲ. ನೋವಿಗೆ ಪುರಾವೆ ಎಲ್ಲಿದೆ ಎಂದು ತಾವು ಕೇಳಿದ್ದಿರಿ, ಅದನ್ನು ತಮ್ಮ ಕಾಲಲ್ಲೇ ಬಿಟ್ಟು ಬಂದಿದ್ದೆ. ಲಿಫ್ಟು ಇನ್ನೂ ಸರಿಹೋಗಿಲ್ಲವೆಂದು ಕೇಳಿದೆ. ಮೆಟ್ಟಿಲಿಳಿಯುವಾಗ ಜೋಪಾನ.