ಕುಬಸದ ಕುರ್ಚಿ

ಆ ದಿನದ ಗೋಳಿಗೆಲ್ಲ ಮೂಲ ಒಂದು ಲಂಗ. ಕುಬಸದ, ಅಂದರೆ ಸೀಮಂತದ, ದಿನ ಬೆಳಿಗ್ಗೆ ದೀಪಾಲಿ ಲಂಗ ತೊಡಲು ಒಂಟಿಕಾಲಲ್ಲಿ ನಿಂತದ್ದೇ ತಡ, ತೊಡೆಸಂದಿಯ ಎಲುಬನ್ನು ಯಾರೋ ಎರಡು ಕಡೆಯಿಂದ ಹಿಡಿದು ಸೀಳಿದಂತಾಯಿತು. ಮಂಚದ ಮೇಲೆ ಕುಸಿದು ಅತ್ತಳು. ಏಳು ತಿಂಗಳ ಬಸುರಿ. ಹದಿನೈದು ದಿನದಿಂದ ಇದೇ ಪಾಡು. ಮನೆಯಲ್ಲಿ ಹೇಳಿದರೆ, "ಬಸುರಾಗ ಇದೆಲ್ಲಾ ಇರ್ತದ" ಎಂಬ ಒಂದೇ ಉತ್ತರ.

ಅಳು ಕೇಳಿ ಹೆದರಿದ ಗಂಡ ಗುರುನಾಥ ಬೆಳಗಿನ ಬಸ್ಸಿಗೇ ಅವಳನ್ನು ಬಸವಕಲ್ಯಾಣದಿಂದ ಹುಮನಾಬಾದಿಗೆ ಕರೆದೊಯ್ದ. ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟವಳು ಇನ್ನೊಂದನ್ನು ಎತ್ತಲಾರದೆ ಅಲ್ಲೇ ನಿಂತಳು. ಹಿಂದಿದ್ದವರು ದಬ್ಬಿದ್ದರಿಂದ ಒಳಗೆ ಬಂದಳು.

ಡಾಕ್ಟರಮ್ಮ ಒತ್ತಿ ನೋಡಿ ಹೇಳಿದರು: "ಕೂಸು ಆರಾಮದ. ನಿನ್ನ ಎಲುಬಿನ ಕೀಲು ಸಡಿಲಾಗ್ಯದ. ಬ್ಯಾನಿ ಖರೇ ಅದ."

ಖರೇ ಅದ ಎಂದು ಹದಿನೈದು ದಿನದಲ್ಲಿ ಮೊದಲ ಸಲ ಒಬ್ಬರು ಅಂದಿದ್ದರು. ದೀಪಾಲಿಗೆ ಆ ಮಾತಿಗೇ ಅರ್ಧ ನೋವು ಇಳಿಯಿತು. ಚೀಟಿಯಲ್ಲಿ ಬರೆದೂ ಕೊಟ್ಟರು: ನೆಲದ ಮೇಲೆ ಕಾಲು ಮಡಚಿ ಕೂರಬಾರದು, ಕುರ್ಚಿಯೇ ಬೇಕು, ಒಂದೇ ಕಾಲಿನ ಮೇಲೆ ಭಾರ ಹಾಕಬಾರದು, ಮೊಣಕಾಲು ಕೂಡಿಸಿಕೊಂಡೇ ಏಳಬೇಕು.

ಮಧ್ಯಾಹ್ನ ಮನೆಗೆ ಬಂದರೆ ಪಡಸಾಲೆಯ ತುಂಬ ಹೆಂಗಸರು. ನಡುವೆ ರಂಗೋಲಿ, ರಂಗೋಲಿಯ ಮೇಲೆ ಗೇಣೆತ್ತರದ ಮಣೆ. ಗುರುನಾಥ ಚೀಟಿಯನ್ನು ಅವಳ ಕೈಗೆ ಕೊಟ್ಟು, ಅಡುಗೆಯವರ ಸಿಲಿಂಡರ್ ನೋಡಿ ಬರುತ್ತೇನೆಂದು ಹೋದವನು ಮತ್ತೆ ಕಾಣಲಿಲ್ಲ. ದೀಪಾಲಿಯೇ ಚೀಟಿ ತೋರಿಸಿ ಕುರ್ಚಿ ಕೇಳಿದಳು.

"ಕುಬಸಕ್ಕ ಕುರ್ಚಿನಾ?" ಎಂದಳು ಹುಲಸೂರಿನಿಂದ ಬಂದ ಕಾಂತಾಬಾಯಿ. ಅತ್ತೆ ಮಾಣಿಕಮ್ಮನ ಅಕ್ಕ ಆಕೆ. "ನಾ ಎಂಟು ಹಡದೀನಿ. ಒಂದು ದಿನ ಕುರ್ಚಿ ಮುಖಾ ನೋಡಿಲ್ಲ."

"ಡಾಕ್ಟರ್ ಬರದಾರ್ರಿ ದೊಡ್ಡವ್ವ."

ಚೀಟಿ ಕೈಯಿಂದ ಕೈಗೆ ಹೋಯಿತು. ಒಬ್ಬಳು ಹರಳೆಣ್ಣೆ ಹಚ್ಚು ಅಂದಳು. ಇನ್ನೊಬ್ಬಳು, ಸುಮ್ಮನೆ ಮಲಗಿದ್ದಕ್ಕೇ ಹೀಗಾಗಿದೆ, ದಿನಾ ಕಸ ಗುಡಿಸು ಅಂದಳು. ಕೊನೆಗೆ ಯಾರೋ ಅದರಲ್ಲಿ ಕುಂಕುಮ ಪೊಟ್ಟಣ ಕಟ್ಟಿದರು.

ಪಕ್ಕದ ಮನೆಯ ದರ್ಜಿ ವಹೀದಾ ಮಾತ್ರ ಎದ್ದು ಹೋಗಿ, ತನ್ನ ಹೊಲಿಗೆ ಮಷೀನಿನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದಳು. "ಕುಂದರಲಿ ಬಿಡ್ರಿ ಅಮ್ಮಾ. ಹುಡುಗಿ ಮುಖಾ ನೋಡ್ರಿ, ಹ್ಯಾಂಗ ಆಗ್ಯದ."

ಎಲ್ಲರೂ ಮಾಣಿಕಮ್ಮನ ಕಡೆ ನೋಡಿದರು. ಮಾಣಿಕಮ್ಮ ಸೊಸೆಯನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿ, "ಕುರ್ಚಿ ಬೇಕಂತೇನು? ಹಾಕ್ರಿ" ಎಂದಳು.

ಇಷ್ಟು ಸುಲಭಕ್ಕೆ ಗೆದ್ದೆನೆಂದು ದೀಪಾಲಿಗೆ ನಂಬಿಕೆಯೇ ಬರಲಿಲ್ಲ. ಹಸಿರು ಸೀರೆಯಲ್ಲಿ ಮೊಣಕಾಲು ಜೋಡಿಸಿ ಕುಳಿತಳು. ನೋವು ನಿಂತಿತು. ಜೀವ ಹಾಯೆನಿಸಿತು. ಆಗ ಕಾಂತಾಬಾಯಿ ಉಡಿ ತುಂಬಲು ಮುಂದೆ ಬಂದಳು.

"ಹಿರಿಯರು ನಿಂತಾರ, ನೀ ಮ್ಯಾಲ ಕುಂತೀದಿ," ಎಂದಳು ಮಾಣಿಕಮ್ಮ. "ಇಳದು ಕಾಲಿಗಿ ಬೀಳವ್ವ."

ಮಣೆಯ ಮೇಲಿದ್ದವಳು ಕೂತಲ್ಲೇ ಕೈಮುಗಿದರೆ ಸಾಕು. ಕುರ್ಚಿಯ ಮೇಲಿದ್ದವಳು ಹಿರಿಯರು ಬಂದಾಗಲೆಲ್ಲ ಇಳಿಯಬೇಕು. ದೀಪಾಲಿ ಇಳಿದಳು, ಬಗ್ಗಿದಳು, ಕುರ್ಚಿಯ ಕೈ ಹಿಡಿದು ಹತ್ತಿದಳು. ಅಷ್ಟರಲ್ಲಿ ಎರಡನೆಯವಳು ಬಂದಳು. ಅವಳ ಹಿಂದೆ ಖಣ, ತೆಂಗಿನಕಾಯಿ ಹಿಡಿದ ಸಾಲು ಬಾಗಿಲು ದಾಟಿ ಓಣಿಯವರೆಗೂ ಹಬ್ಬಿತ್ತು. ಆರನೆಯವಳ ಕಾಲಿಗೆ ಬಿದ್ದಾಗ ಕಣ್ಣು ಕತ್ತಲಿಟ್ಟಿತು. ಒಂಬತ್ತನೆಯವಳ ಕಾಲು ಹಿಡಿದೇ ಅತ್ತಳು. ತವರು ನೆನಪಾಗಿರಬೇಕೆಂದು ಆಕೆಯೂ ಅತ್ತಳು.

ಹನ್ನೆರಡನೆಯವಳು ಹತ್ತಿರ ಬರುವಾಗ ದೀಪಾಲಿ ಮೆಲ್ಲಗೆ, "ಅತ್ತಿ, ಮಣಿನೇ ಹಾಕ್ರಿ," ಎಂದಳು.

ಖಾಲಿಯಾದ ಕುರ್ಚಿಯಲ್ಲಿ ಕಾಂತಾಬಾಯಿ ಕುಳಿತಳು. ತನಗೂ ಮೊಣಕಾಲು ಬ್ಯಾನಿ ಅಂದಳು.

ಕೊನೆಯ ಆರತಿ ಮುಗಿದಾಗ ದೀಪಾಲಿಗೆ ಏಳಲಾಗಲಿಲ್ಲ. ಕಾಲು ತನ್ನವಲ್ಲ ಅನಿಸುತ್ತಿತ್ತು. ಮಾಣಿಕಮ್ಮ ಪಕ್ಕಕ್ಕೆ ಬಂದು ಬಗ್ಗಿ, ಸೊಸೆಯ ಕಂಕುಳಿಗೆ ಕೈ ಕೊಟ್ಟಳು.

"ಎರಡೂ ಮೊಣಕಾಲು ಕೂಡಿಸಿ ಏಳು. ಒಂದೇ ಕಾಲಿನ ಮ್ಯಾಲ ಭಾರ ಹಾಕಬ್ಯಾಡ."

ಚೀಟಿಯ ಮಾತು ಅಕ್ಷರಕ್ಕಕ್ಷರ ಅದೇ. ಮಾಣಿಕಮ್ಮನಿಗೆ ಓದು ಬಾರದು.

"ನಿಮಗ ಹ್ಯಾಂಗ ಗೊತ್ತರಿ ಅತ್ತಿ?"

"ಗುರುನಾಥ ಹೊಟ್ಟ್ಯಾಗ ಇದ್ದಾಗ ನನಗೂ ಅಲ್ಲೇ ಹಿಡದಿತ್ತು. ಕುಬಸದ ದಿನ ನಮ್ಮ ಅತ್ತಿ ಹತ್ರ ಕುರ್ಚಿ ಕೇಳಿದ್ದೆ."

"ಅವರೇನಂದ್ರು?"

ಮಾಣಿಕಮ್ಮ ಸೊಸೆಯನ್ನು ನಿಲ್ಲಿಸಿ, ಅವಳ ಸೀರೆಯ ನಿರಿಗೆ ಸರಿಮಾಡಿದಳು.

"ಹಾಕ್ರಿ ಅಂದ್ರು."