ಮಸಗುಪ್ಪಿಯಲ್ಲಿ ಎಂಟು ಕಳೆದುಹೋದದ್ದು

...ಇಲ್ಲ, ಅವತ್ತು ಮುರಿದದ್ದು ಎಡಗಡೆಯ ಹಲ್ಲೇ ಇರಬೇಕು. ಬಲಗಡೆಯದು ಆಮೇಲೆ ಕರದಂಟು ಕಡಿಯುವಾಗ ಹೋಯಿತು. ಎರಡೂ ಕರದಂಟಿನಿಂದಲೇ ಹೋದವೆಂದು ಹೆಂಡತಿ ಹೇಳುತ್ತಾಳೆ. ನನ್ನ ಬಾಯೊಳಗಿನ ಸಂಗತಿಯೇ ನನಗೆ ಖಾತ್ರಿ ಇಲ್ಲದಿರುವಾಗ ಉಳಿದದ್ದನ್ನು ನೀವು ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು.

ಆಗ ನಾನು ಮಸಗುಪ್ಪಿಯ ಶಾಲೆಯಲ್ಲಿ ಹೊಸ ಮಾಸ್ತರ. ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಮಕ್ಕಳ ಲೆಕ್ಕ ನೋಡಿ ಒಪ್ಪಿದರೆ ನೌಕರಿ ಕಾಯಂ. ಇಲ್ಲವಾದರೆ ಕೊಣ್ಣೂರಿನ ಮಾವನ ಹೊಲದಲ್ಲಿ ಕಬ್ಬು ಕಡಿಯುವುದು!

ಕೂತು ಆಡುವ ಆಟ ಬುದ್ಧಿಗೆ, ಓಡಿ ಆಡುವ ಆಟ ಮೈಗೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ನಾನು ಇನ್ನೂ ಮುಂದೆ ಹೋದೆ. ಚಿಣಿದಾಂಡಿನಲ್ಲಿ ಎರಡೂ ಇವೆಯಲ್ಲ! ಚಿಣಿ ಹಾರಿದಷ್ಟು ದೂರ ಓಡಬೇಕು, ದಾಂಡಿನಿಂದ ಅಳೆದು ಎಣಿಸಬೇಕು. ಪಾಟಿ-ಬಳಪಗಳನ್ನು ಮೂಲೆಗೆ ಪೇರಿಸಿ ಇಡೀ ತರಗತಿಯನ್ನು ಬಯಲಿಗೆ ಹೊರಡಿಸಿದೆ.

"ಸಾಲಿ ಬಿಟ್ಟೈತೇನ್ರಿ?" ಎಂದಳು ಹೆಂಡತಿ.

"ಇದು ಶಿಕ್ಷಣಶಾಸ್ತ್ರ. ನಿನಗ ತಿಳಿಯಂಗಿಲ್ಲ."

"ಹಂಗಾರ ನಿಮ್ಮ ಶಾಸ್ತ್ರದಾಗ ನನ್ನ ಲಟ್ಟಣಗಿ ಯಾಕ ಹೊಂಟೈತ್ರಿ?"

ದಾಂಡಿಗೆ ಅಷ್ಟು ನುಣುಪಾದ ಕಟ್ಟಿಗೆ ಊರಲ್ಲಿ ಬೇರೆ ಇರಲಿಲ್ಲ.

ತಿಂಗಳಾದ ಮೇಲೆ ಸಾಹೇಬರು ತರಗತಿಗೆ ಬಂದರು. ಮೊದಲು ಪಾಠದ ಹೊತ್ತಿಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಹುಡುಗಿ ಕಲ್ಲವ್ವ ಈಗ ಬಯಲಿನ ಹುಲಿ. ಹೆಮ್ಮೆಯಿಂದ ಅವಳನ್ನೇ ನಿಲ್ಲಿಸಿದೆ.

"ಎಣಸವಾ," ಎಂದರು ಸಾಹೇಬರು.

"ವಕಟ, ಲೇಂಡ, ಮೂಂಡ..." ಇವು ನಮ್ಮ ಕಡೆ ಚಿಣಿದಾಂಡಿನ ಎಣಿಕೆ. ಏಳನೆಯದಕ್ಕೆ "ಝಕ್ಕು!" ಎಂದು ಕುಣಿದು ನಿಂತಳು.

"ಮುಂದ?"

"ಮತ್ತ ವಕಟ ರೀ!"

ಸಾಹೇಬರು ನನ್ನತ್ತ ತಿರುಗಿದರು. "ಎಂಟು ಎಲ್ಲಿ ಹೋತ್ರಿ ಮಾಸ್ತರ?"

ಆಟದಲ್ಲಿ ಏಳಾದ ಮೇಲೆ ಮೊದಲಿನಿಂದ ಶುರು. ಇಡೀ ತರಗತಿಯಲ್ಲಿ ಎಂಟು ಬಲ್ಲವನು ನಾನೊಬ್ಬನೇ. ಆ ಗಳಿಗೆಯಲ್ಲಿ ನನಗೂ ಮರೆತಿತ್ತು!

"ಹೊರಗ ಬರ್ರಿ ಸಾಹೇಬರ, ಆಡೇ ತೋರಸ್ತೇನಿ," ಎಂದೆ.

ಲಟ್ಟಣಿಗೆ ಬೀಸಿದೆ. ಏಟು ಗಾಳಿಗೆ ಬಿತ್ತು. ಮತ್ತೆ ಬೀಸಿದೆ. ಧೋತರ ಸಡಿಲಾಯಿತು. ಮಕ್ಕಳು ನಕ್ಕರು. ಸಾಹೇಬರಿಗೆ ತಡೆಯಲಾಗಲಿಲ್ಲ, ಕೋಟು ಕಳಚಿ ನನ್ನ ಕೈಗೆ ಕೊಟ್ಟು ಲಟ್ಟಣಿಗೆ ಕಸಿದುಕೊಂಡರು.

"ಹಿಂಗಲ್ರಿ! ಸರೀರಿ ಆ ಕಡೆ. ಮಮದಾಪುರದಾಗ ನಮ್ಮ ಜೋಡಿ ಆಡವ್ರ ಇರಲಿಲ್ಲ!"

ನಾನು ಆ ಕಡೆ ಸರಿದೆ. ಚಿಣಿಯೂ ಆ ಕಡೆಗೇ ಬಂತು.

ಬಾಯಿ ಹಿಡಿದು ಕುಸಿದೆ. ಎಲ್ಲರಿಗಿಂತ ಮೊದಲು ಓಡಿ ಬಂದವಳು ಕಲ್ಲವ್ವ. ಬಗ್ಗಿ ನೋಡಿ ಕೂಗಿದಳು: "ಸಾಹೇಬರ, ನೀವು ಔಟ್ ರೀ! ಮಾಸ್ತರ ಬಾಯಾಗ ಹಿಡದಾರ!"

ಸಾಹೇಬರು ಮೆಲ್ಲಗೆ ನನ್ನ ಕೈಯಿಂದ ಕೋಟು ತೆಗೆದುಕೊಂಡರು. "ಈ ಸುದ್ದಿ ಇಲ್ಲೇ ಇರ್ಲಿ, ಹೂಂ?" ಎಂದು ಸೈಕಲ್ ಹತ್ತಿದರು.

ಹೆಂಡತಿಗೆ ಕರದಂಟು ಎಂದೆ. ಲಟ್ಟಣಿಗೆಯ ಹೆಸರೆತ್ತುವ ಧೈರ್ಯ ಬರಲಿಲ್ಲ.

ಕೆಲವು ದಿನಗಳಲ್ಲೇ ಕಾಯಂ ಆದೆ. ಅದಕ್ಕೆ ಕಾರಣ ಕಲ್ಲವ್ವನ ಚುರುಕೋ, ನನ್ನ ಹಲ್ಲೋ, ನನಗೆ ಇವತ್ತಿಗೂ ಗೊತ್ತಿಲ್ಲ.