ಹೇಳಂಗಿಲ್ಲ ಎನ್ನುವ ಕಾಕು

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಜಾಲಾಡಿದರೂ ನಮ್ಮ ಕಾಕುವಿನಂಥ ಜಿಪುಣಿ ಸಿಗಲಿಕ್ಕಿಲ್ಲ! ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಅಫಜಲಪುರದ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಊಟಕ್ಕೆ ಕೂತವರಿಗೆ ಬೇಡವೆಂದರೂ ರೊಟ್ಟಿ ಹಾಕುತ್ತಾಳೆ. ಆದರೆ ಅವಳ ಶಾಲೆಯ ಮಕ್ಕಳ ಬಗ್ಗೆ ಒಂದು ಮಾತು ಕೇಳಿ ನೋಡಿ!

ಕೋಚಿಂಗ್ ಕ್ಲಾಸಿನವನೊಬ್ಬ ಪೇಢೆ ತಂದಿಟ್ಟು, ಹತ್ತನೆಯ ತರಗತಿಯ ಮಕ್ಕಳ ಫೋನ್ ನಂಬರ್ ಕೇಳಿದ. ಕಾಕು ಒಂದು ತಿಂದು ಡಬ್ಬಿ ವಾಪಸ್ ಕೊಟ್ಟಳು. “ಪೇಢೆ ಛಲೋ ಅದಾವ್ರಿ. ನಂಬರ್ ಕೊಡಂಗಿಲ್ರಿ.”

ನಮ್ಮ ಕಡೆ ಹೆಣ್ಣು ನೋಡುವ ಮೊದಲು ಅವಳ ಟೀಚರನ್ನು ವಿಚಾರಿಸುವುದು ರೂಢಿ. ಖಜೂರಿ ಊರಿನ ನೆಂಟರಿಗಾಗಿ ನನ್ನ ಅವ್ವ ಕೇಳಿದಳು, “ಆ ಹುಡುಗಿ ನಿಮ್ಮ ಸಾಲಿಯಾಗ ಓದ್ಯಾಳಲ್ಲ, ಹೆಂಗದಾಳ?”

“ಓದ್ಯಾಳೋ ಇಲ್ಲೋ, ಅದನ್ನೂ ಹೇಳಂಗಿಲ್ಲಕ್ಕ.”

ಅವ್ವ ಅವಳೊಡನೆ ಮಾತು ಬಿಟ್ಟಳು. ಹೋಗಲಿ, ಕಟ್ಟಿಕೊಂಡ ಗಂಡನಿಗಾದರೂ ರಿಯಾಯಿತಿ ಇದೆಯೇ? ಅದೇ ಶಾಲೆಯಲ್ಲಿ ಓದುವ ಸ್ವಂತ ಮಗಳ ಅಂಕ ಕೇಳಿದ್ದಕ್ಕೆ, “ಪಾಲಕರು ಸಾಲಿಗೆ ಬರ್ರಿ,” ಎಂದಳಂತೆ! ಪಾಪ, ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಪಾಲಕರ ಸಾಲಿನಲ್ಲಿ ನಿಂತ.

ಒಂದು ದಿನ ಕಾಕು ಮರೆತುಹೋದ ಚಷ್ಮಾ ಕೊಡಲು ಶಾಲೆಗೆ ಹೋಗಿದ್ದೆ. ಬಾಳೆಹಣ್ಣು ಹಿಡಿದು ಒಬ್ಬಾತ ಬಂದ. ಮಾತು ಬೆಣ್ಣೆ.

“ಮೇಡಂ, ನನ್ನ ಮಗಳು ಇಲ್ಲೇ ಅದಾಳಂತ. ಯಾವ ಕ್ಲಾಸ್‌ರಿ?”

“ಅದಾಳೋ ಇಲ್ಲೋ, ಯಾರಿಗೂ ಹೇಳಂಗಿಲ್ರಿ.”

ಬಾಗಿಲಲ್ಲಿದ್ದ ಜವಾನ ನಕ್ಕ. “ಗಂಡಗs ಹೇಳಂಗಿಲ್ರಿ ಇವ್ರು, ನಿಮಗ ಹೇಳ್ತಾರೇನು?”

ಆತ ಗೊಣಗುತ್ತಾ ಹೋದ. ಬೈಕಿನ ಸದ್ದು ಅಡಗಿದ ಮೇಲೆ ಬಿಸಿಯೂಟದ ಅಡುಗೆಯ ಹೆಂಗಸು ಬಂದು ಕಾಕುವಿನ ಕೈ ಹಿಡಿದುಕೊಂಡಳು.

“ಹೋದನೇನ್ರಿ ನನ್ನ ಗಂಡ? ಸಿಕ್ಕಿದ್ರ ನನ್ನೂ ಮಗಳನ್ನೂ ಕೊಂದೇ ಬಿಡ್ತಾನ್ರಿ.”

“ಹೋದ. ನೀ ಒಳಗ ಹೋಗವ್ವ, ಸಾರು ತಳ ಹಿಡಿದೀತು.”

ನನಗೆ ತಡೆಯಲಾಗಲಿಲ್ಲ. “ಇವನಂಥವರಿಗೆ ಹೇಳಬ್ಯಾಡ ಕಾಕು. ನಮ್ಮ ಅವ್ವಗ ಹೇಳಿದ್ರ ಏನಾಗ್ತಿತ್ತು?”

“ಎಲ್ಲಾರಿಗೂ ಹೇಳಿ, ಇವನೊಬ್ಬಗ ಹೇಳಂಗಿಲ್ಲ ಅಂದ್ರ, ಇಲ್ಲೇ ಅದಾಳ ಅಂತ ಹೇಳಿದಂಗs ಅಲ್ಲೇನು?”

ಇಷ್ಟು ದಿನ ಇವಳನ್ನು ನೋಡಿ ನಕ್ಕೆವಲ್ಲ ಎಂದು ಸಂಕಟವಾಯಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆ ತಾಯಿ ಕಣ್ಣೊರೆಸಿಕೊಂಡು ಬಡಿಸಲು ನಿಂತಳು. ಸಾಲಾಗಿ ಕೂತ ಹುಡುಗಿಯರಲ್ಲಿ ಅವಳ ಮಗಳು ಯಾರಿರಬಹುದು ಎಂದು ನನ್ನ ಕಣ್ಣು ಹುಡುಕತೊಡಗಿತು. ಥಟ್ಟನೆ ತಲೆ ತಗ್ಗಿಸಿದೆ.